ಕಾಣದ ಬೆಳೆ, ಕಾಣುವ ಮೀನು
ಅರಬ್ಬೀ ಸಮುದ್ರದಿಂದ ಆರ್ಕ್‌ಟಿಕ್‌ವರೆಗೆ ಕಡಲ ಸೂಕ್ಷ್ಮಜೀವಿಗಳ ಒಂದು ಅಧ್ಯಯನ

ಭಾರತದ ಪಶ್ಚಿಮ ಕರಾವಳಿಯ ಜನಜೀವನದಲ್ಲಿ ಒಂದು ಚಿಕ್ಕ ಮೀನಿಗೆ ದೊಡ್ಡ ಸ್ಥಾನವಿದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಅದಕ್ಕೆ ಬೂತಾಯಿ ಎಂದು ಹೆಸರು. ಉತ್ತರ ಕನ್ನಡ, ಗೋವಾ ಮತ್ತು ಮಹಾರಾಷ್ಟ್ರದ ಕರಾವಳಿಯಲ್ಲಿ ಅದು ತಾರ್ಲೆ ಅಥವಾ ತಾರ್ಲಿ. ಕೇರಳದಲ್ಲಿ ಮತ್ತಿ ಅಥವಾ ಚಾಳ. ಚೆನ್ನೈಯ ಮೀನುಪೇಟೆಯಲ್ಲಿಯೂ ಮತ್ತಿ. ಅಂಗೈಯಷ್ಟು ಉದ್ದದ, ಬೆಳ್ಳಿಯ ಹೊಳಪಿನ, ಎಣ್ಣೆಯ ಅಂಶ ಹೇರಳವಾಗಿರುವ ಈ ಮೀನು ಬಡವರ ಊಟದ ಮುಖ್ಯ ಪೋಷಕಾಂಶವಾಗಿದೆ. ಇದರ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುವುದೂ, ಹೆಚ್ಚಾಗಿ ಸಿಕ್ಕಿದ ಮೀನನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವುದೂ ಕರಾವಳಿಯಲ್ಲಿ ಹಿಂದಿನಿಂದ ಬಂದ ರೂಢಿ.

2012ರಲ್ಲಿ ಕೇರಳವೊಂದರಲ್ಲಿಯೇ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಅದೇ ರಾಜ್ಯದಲ್ಲಿ ದೊರೆತದ್ದು 3,500 ಟನ್‌ಗಿಂತಲೂ ಕಡಿಮೆ. ಅಂದರೆ ಒಂಬತ್ತು ವರ್ಷಗಳ ಹಿಂದೆ ಸಿಕ್ಕಿದ್ದರ ನೂರನೆಯ ಒಂದು ಪಾಲೂ ಸಿಗಲಿಲ್ಲ. ಅನಂತರ 2023ರ ವೇಳೆಗೆ ಇಳುವರಿ ಮತ್ತೆ ಒಂದು ಲಕ್ಷ ಟನ್ ಮೀರಿತು. ಇಂತಹ ಏರಿಳಿತದಿಂದ ನಾಡದೋಣಿಯ ಮೀನುಗಾರ, ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಮಹಿಳೆ, ಮಂಜುಗಡ್ಡೆಯ ಕಾರ್ಖಾನೆಯ ಕೂಲಿಗಾರ, ಇವರೆಲ್ಲರ ವರ್ಷದ ಬದುಕೇ ಅಸ್ಥಿರವಾಗುತ್ತದೆ.

ಮೀನು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಬಲೆ, ದೋಣಿ ಮತ್ತು ಬಂದರಿನ ಲೆಕ್ಕಗಳಷ್ಟೇ ಉತ್ತರ ನೀಡಲಾರವು. ಉತ್ತರದ ಒಂದು ದೊಡ್ಡ ಭಾಗ ಕಣ್ಣಿಗೆ ಕಾಣದ ಜೀವಿಗಳಲ್ಲಿ ಅಡಗಿದೆ. ಕಡಲಿನಲ್ಲಿ ಸೂಕ್ಷ್ಮಸಸ್ಯಗಳ ಬೆಳೆ ಎಷ್ಟು ಬೆಳೆಯಿತು, ಯಾವುದು ಬೆಳೆಯಿತು, ಯಾವಾಗ ಬೆಳೆಯಿತು ಎಂಬ ಮೂರು ಸಂಗತಿಗಳು ಮೀನಿನ ಇಳುವರಿಗೆ ತಳಹದಿಯಾಗಿವೆ. ಉಷ್ಣವಲಯದ ಅರಬ್ಬೀ ಸಮುದ್ರಕ್ಕೂ ಹಿಮಾವೃತ ಆರ್ಕ್‌ಟಿಕ್ ಸಾಗರಕ್ಕೂ ಈ ನಿಯಮ ಸಮಾನವಾಗಿ ಅನ್ವಯಿಸುತ್ತದೆ. ಈ ಎರಡು ಕಡಲುಗಳಲ್ಲಿ ನಡೆದಿರುವ ಸಂಶೋಧನೆಗಳ ಸಾರವನ್ನು ಓದುಗರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಡಲಿನ ಹೊಲ

ನೆಲದ ಮೇಲಿನ ಪ್ರಾಣಿಗಳಿಗೆ ಹುಲ್ಲು, ಪೈರು, ಮರಗಳು ಹೇಗೆ ಆಧಾರವೋ ಹಾಗೆಯೇ ಕಡಲ ಪ್ರಾಣಿಗಳಿಗೂ ಸಸ್ಯಗಳೇ ಆಧಾರ. ಆದರೆ ತೆರೆದ ಕಡಲಿನ ಸಸ್ಯಗಳು ಬಹುತೇಕ ಒಂದೇ ಜೀವಕೋಶದವು. ನೀರಿನೊಡನೆ ತೇಲುತ್ತ ಸಾಗುವ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಇವುಗಳಲ್ಲಿ ಸೂರ್ಯನ ಬೆಳಕಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವವು ಸಸ್ಯಪ್ಲವಕಗಳು. ಅವನ್ನು ತಿಂದು ಬದುಕುವ ಕಿರುಜೀವಿಗಳು ಪ್ರಾಣಿಪ್ಲವಕಗಳು.

ಭೂಮಿಯ ಮೇಲಿನ ಸಸ್ಯಗಳೆಲ್ಲವೂ ಒಂದು ವರ್ಷದಲ್ಲಿ ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಆಹಾರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡಲಿನಲ್ಲಿ ತಯಾರಾಗುತ್ತದೆ. ಹೀಗಿದ್ದರೂ ಯಾವುದೇ ಒಂದು ದಿನ ತೂಗಿ ನೋಡಿದರೆ ಸಸ್ಯಪ್ಲವಕಗಳ ಒಟ್ಟು ತೂಕ ಭೂಮಿಯ ಸಸ್ಯರಾಶಿಯ ನೂರನೆಯ ಒಂದು ಪಾಲಿಗಿಂತ ಕಡಿಮೆ. ಇದು ವಿರೋಧಾಭಾಸದಂತೆ ತೋರಿದರೂ ಕಾರಣ ಸರಳವಾಗಿದೆ. ಮರ ಬೆಳೆಯಲು ದಶಕಗಳು ಬೇಕು. ಸಸ್ಯಪ್ಲವಕ ದಿನಗಳಲ್ಲಿ ಇಮ್ಮಡಿಯಾಗುತ್ತದೆ, ದಿನಗಳಲ್ಲಿಯೇ ಇನ್ನೊಂದು ಜೀವಿಗೆ ಆಹಾರವಾಗುತ್ತದೆ. ಆದ್ದರಿಂದ ಈ ಹೊಲದಲ್ಲಿ ದಾಸ್ತಾನು ಕಡಿಮೆ, ವಹಿವಾಟು ಅಧಿಕ. ದಾಸ್ತಾನಿಲ್ಲದ ಕಾರಣದಿಂದಲೇ ಹವಾಮಾನದಲ್ಲಾಗುವ ವ್ಯತ್ಯಾಸ ಇಲ್ಲಿ ಬಹು ಬೇಗ ಪರಿಣಾಮ ಬೀರುತ್ತದೆ.

ಹೊಲಕ್ಕೆ ಬಿಸಿಲು ಮತ್ತು ಗೊಬ್ಬರ ಎರಡೂ ಬೇಕು. ಕಡಲಿನಲ್ಲಿ ಬಿಸಿಲು ಮೇಲಿನಿಂದ ಬರುತ್ತದೆ. ಸಾರಜನಕ, ರಂಜಕ ಮತ್ತು ಸಿಲಿಕಾನ್ ಮೊದಲಾದ ಪೋಷಕ ಲವಣಗಳು ಹೆಚ್ಚಾಗಿ ಕೆಳಗಿನ ನೀರಿನಲ್ಲಿರುತ್ತವೆ. ಬೆಳಕು ತಲಪುವ ಮೇಲ್ಪದರಕ್ಕೆ ಈ ಲವಣಗಳನ್ನು ತಂದೊದಗಿಸುವ ಗಾಳಿ, ಅಲೆ ಮತ್ತು ಪ್ರವಾಹಗಳೇ ಕಡಲಿನ ನೇಗಿಲುಗಳು. ಈ ಉಳುಮೆ ನಡೆದ ಕಡೆ ಮೀನು ಸಮೃದ್ಧ. ನಡೆಯದ ಕಡೆ ಕಡಲು ನಿರ್ಮಲ ನೀಲಿಯಾಗಿದ್ದು ಮೀನು ವಿರಳ.

ಹನಿ ನೀರಿನ ಪ್ರಪಂಚ

ಕಡಲ ನೀರಿನ ಒಂದು ಮಿಲಿಲೀಟರಿನಲ್ಲಿ, ಅಂದರೆ ಸುಮಾರು ಇಪ್ಪತ್ತು ಹನಿಗಳಲ್ಲಿ, ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾಗಳೂ ಒಂದು ಕೋಟಿಯಷ್ಟು ವೈರಸ್‌ಗಳೂ ಇರುತ್ತವೆ. ಬಹುಕಾಲದವರೆಗೆ ಇವುಗಳ ಮಹತ್ವ ವಿಜ್ಞಾನಕ್ಕೆ ತಿಳಿದಿರಲಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದಾಗ ಇವುಗಳಲ್ಲಿ ನೂರಕ್ಕೆ ಒಂದು ಕೂಡ ಬೆಳೆಯದಿರುವುದು ಇದಕ್ಕೆ ಮುಖ್ಯ ಕಾರಣವಾಗಿತ್ತು. ನೀರನ್ನು ಸೋಸಿ, ಸೋಸಣಿಗೆಯ ಮೇಲೆ ಉಳಿದ ಜೀವಿಗಳ ಡಿಎನ್‌ಎಯನ್ನು ನೇರವಾಗಿ ಓದುವ ವಿಧಾನ ಬಳಕೆಗೆ ಬಂದ ಮೇಲೆ ಈ ಲೋಕದ ಬಾಗಿಲು ತೆರೆಯಿತು.

ಅಮೆರಿಕದ ವಿಜ್ಞಾನಿ ಸ್ಟೀಫನ್ ಜಿಯೊವನೋನಿ ಮತ್ತು ಸಂಗಡಿಗರು 1990ರಲ್ಲಿ ಅಟ್ಲಾಂಟಿಕ್ ಸಾಗರದ ಸಾರ್ಗಾಸೊ ಸಮುದ್ರದ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಗುಂಪನ್ನು ಅದರ ಅನುವಂಶಿಕ ದ್ರವ್ಯದಿಂದಲೇ ಗುರುತಿಸಿದರು. ಎಸ್‌ಎಆರ್-11 ಎಂಬ ಸಂಕೇತನಾಮ ಪಡೆದ ಈ ಗುಂಪು ಭೂಮಿಯ ಮೇಲೆ ಅತ್ಯಂತ ವಿಪುಲವಾಗಿರುವ ಜೀವಿಗಳಲ್ಲೊಂದು ಎಂಬುದು ಅನಂತರ ತಿಳಿದುಬಂದಿತು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಸ್ಯಾಲಿ ಚಿಸ್‌ಹೋಮ್ ಮತ್ತು ರಾಬರ್ಟ್ ಓಲ್ಸನ್ ಅವರ ತಂಡ ಪ್ರೊಕ್ಲೋರೊಕಾಕಸ್ ಎಂಬ ಸಸ್ಯಪ್ಲವಕವನ್ನು ಕಂಡುಹಿಡಿದಿತ್ತು. ಅದರ ವ್ಯಾಸ ಸುಮಾರು 0.6 ಮೈಕ್ರಾನ್; ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಉಷ್ಣವಲಯದ ಕಡಲುಗಳಲ್ಲಿ ಅತ್ಯಧಿಕ ಸಂಖ್ಯೆಯಲ್ಲಿರುವ ಈ ಜೀವಿ ಆ ದಶಕದವರೆಗೆ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಇವೆಲ್ಲವನ್ನೂ ಒಂದು ಸೂತ್ರದಲ್ಲಿ ಜೋಡಿಸಿದ ಕೀರ್ತಿ ಲಾಹೋರಿನಲ್ಲಿ ಜನಿಸಿ ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಫಾರೂಕ್ ಆಜಮ್ ಮತ್ತು ಅವರ ಸಹಲೇಖಕರಿಗೆ ಸಲ್ಲುತ್ತದೆ. ಪ್ಲವಕಗಳಿಂದ ನೀರಿಗೆ ಸೋರಿ ಕರಗಿದ ಸಾವಯವ ಪದಾರ್ಥವನ್ನು ಬ್ಯಾಕ್ಟೀರಿಯಾಗಳು ಹೀರಿಕೊಳ್ಳುತ್ತವೆ. ಅವನ್ನು ಏಕಕೋಶ ಪ್ರಾಣಿಗಳು ತಿನ್ನುತ್ತವೆ. ಅವನ್ನು ಪ್ರಾಣಿಪ್ಲವಕಗಳು ತಿನ್ನುತ್ತವೆ. ಹೀಗೆ ವ್ಯರ್ಥವಾಗಿ ಹೋಗಬಹುದಾಗಿದ್ದ ಆಹಾರ ಮತ್ತೆ ಜೀವಜಾಲಕ್ಕೆ ಮರಳುತ್ತದೆ. 1983ರಲ್ಲಿ ಅವರು ಪ್ರತಿಪಾದಿಸಿದ ಈ ವ್ಯವಸ್ಥೆಯನ್ನು ಸೂಕ್ಷ್ಮಜೀವಿಗಳ ಒಳಚಕ್ರ ಎನ್ನಬಹುದು.

ಮೆಟ್ಟಿಲುಗಳ ಲೆಕ್ಕ

ಈ ವಿಚಾರಕ್ಕೂ ಮೀನಿಗೂ ಇರುವ ಸಂಬಂಧವನ್ನು ತಿಳಿಯಲು ಒಂದು ಸ್ಥೂಲ ನಿಯಮವನ್ನು ನೆನಪಿಡಬೇಕು. ಒಂದು ಜೀವಿ ಮತ್ತೊಂದನ್ನು ತಿಂದಾಗ, ತಿಂದ ಆಹಾರದ ಹತ್ತನೆಯ ಒಂದು ಭಾಗದಷ್ಟು ಮಾತ್ರ ತಿಂದ ಜೀವಿಯ ಮೈಯಾಗಿ ಬೆಳೆಯುತ್ತದೆ. ಉಳಿದದ್ದು ಉಸಿರಾಟ, ಚಲನೆ ಮತ್ತು ವಿಸರ್ಜನೆಗಳಲ್ಲಿ ವ್ಯಯವಾಗುತ್ತದೆ.

ಸಸ್ಯಪ್ಲವಕಗಳಲ್ಲಿ ಡಯಾಟಮ್ ಎಂಬ ವರ್ಗವಿದೆ. ಗಾಜಿನಂತಹ ಸಿಲಿಕಾ ಕವಚವುಳ್ಳ ಇವು ಗಾತ್ರದಲ್ಲಿ ದೊಡ್ಡವು. ಅನೇಕ ಜಾತಿಗಳು ಸರಪಳಿಯಂತೆ ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಬೂತಾಯಿ ತನ್ನ ಕಿವಿರಿನ ಜಾಲರಿಯಿಂದ ಇವನ್ನು ನೇರವಾಗಿ ಸೋಸಿ ತಿನ್ನಬಲ್ಲದು. ಸಾವಿರ ಕಿಲೋಗ್ರಾಂ ಡಯಾಟಮ್‌ಗಳನ್ನು ಮೀನು ನೇರವಾಗಿ ತಿಂದರೆ ಮೇಲಿನ ನಿಯಮದಂತೆ ನೂರು ಕಿಲೋಗ್ರಾಂ ಮೀನು ಬೆಳೆಯುತ್ತದೆ. ಅದರ ಬದಲು ಅತಿ ಸೂಕ್ಷ್ಮ ಸಸ್ಯಪ್ಲವಕಗಳು ಬೆಳೆದವೆಂದು ಭಾವಿಸೋಣ. ಅವು ಮೀನಿನ ಜಾಲರಿಗೆ ಸಿಗುವುದಿಲ್ಲ. ಅವನ್ನು ಏಕಕೋಶ ಪ್ರಾಣಿ ತಿಂದು ನೂರು ಕಿಲೋಗ್ರಾಂ, ಅದನ್ನು ಪ್ರಾಣಿಪ್ಲವಕ ತಿಂದು ಹತ್ತು ಕಿಲೋಗ್ರಾಂ, ಅದನ್ನು ಮೀನು ತಿಂದು ಒಂದೇ ಕಿಲೋಗ್ರಾಂ. ಬೆಳೆದ ಸಸ್ಯದ ತೂಕ ಎರಡು ಸಂದರ್ಭಗಳಲ್ಲಿಯೂ ಒಂದೇ. ಬಲೆಗೆ ಬಂದ ಮೀನು ಮಾತ್ರ ನೂರರಲ್ಲಿ ಒಂದು ಪಾಲು. ಎಷ್ಟು ಬೆಳೆಯಿತು ಎಂಬುದರಷ್ಟೇ ಯಾವುದು ಬೆಳೆಯಿತು ಎಂಬುದೂ ಮುಖ್ಯ ಎನ್ನಲು ಇದೇ ಕಾರಣ.

ಮುಂಗಾರು ಮತ್ತು ಬೂತಾಯಿ

ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಕೇರಳ ಮತ್ತು ಕರ್ನಾಟಕದ ಕರಾವಳಿಯ ಮೇಲ್ಪದರದ ನೀರು ದಡದಿಂದ ದೂರ ಸರಿಯುತ್ತದೆ. ತೆರವಾದ ಸ್ಥಳವನ್ನು ತುಂಬಲು ಆಳದ ತಣ್ಣನೆಯ ನೀರು ಪೋಷಕ ಲವಣಗಳನ್ನು ಹೊತ್ತು ಮೇಲಕ್ಕೇರುತ್ತದೆ. ಡಯಾಟಮ್‌ಗಳು ಹುಲುಸಾಗಿ ಬೆಳೆಯುವುದು ಆಗಲೇ. ಬೂತಾಯಿ ಮೊಟ್ಟೆಯಿಡುವುದೂ ಮುಖ್ಯವಾಗಿ ಈ ಮಳೆಗಾಲದಲ್ಲಿಯೇ. ಮೊಟ್ಟೆಯೊಡೆದ ಮರಿಗಳಿಗೆ ತಕ್ಕ ಹೊತ್ತಿಗೆ ತಕ್ಕ ಆಹಾರ ದೊರೆತರೆ ಮುಂದಿನ ತಿಂಗಳುಗಳ ಮೀನುಗಾರಿಕೆಗೆ ಸಮೃದ್ಧಿ.

ಈ ಸಂಬಂಧವನ್ನು ನಮ್ಮ ವಿಜ್ಞಾನಿಗಳು ಬಹಳ ಹಿಂದೆಯೇ ಗಮನಿಸಿದ್ದರು. ಫ್ರಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ ಹೇರಳವಾಗಿ ಕಾಣಿಸಿಕೊಳ್ಳುವುದು ಬೂತಾಯಿ ಸಮೃದ್ಧಿಯ ಸೂಚಕವೆಂದು ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಅವರು 1955ರಲ್ಲಿ ಪ್ರಕಟಿಸಿದರು. ಮೀನಿನ ಇಳುವರಿಯನ್ನು ತಿಳಿಯಲು ಮೀನನ್ನಲ್ಲದೆ ಅದರ ಆಹಾರವನ್ನು ನೋಡಬೇಕೆಂಬ ವಿಚಾರ ಈ ಕಿರು ಪ್ರಬಂಧದಲ್ಲಿ ಸ್ಪಷ್ಟವಾಗಿದೆ.

ಆದರೆ ಮೇಲೇರುವ ನೀರು ವರವನ್ನಷ್ಟೇ ತರುವುದಿಲ್ಲ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೇಲೆ ಬೆಳೆದ ಪ್ಲವಕಗಳು ಸತ್ತು ತಳಕ್ಕೆ ಬಿದ್ದಾಗ ಅವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಪಶ್ಚಿಮ ತೀರದ ಆಳವಿಲ್ಲದ ಕಡಲಿನಲ್ಲಿ ಮಳೆಗಾಲದ ಕೊನೆಯ ಭಾಗದಲ್ಲಿ ಆಮ್ಲಜನಕದ ಅಭಾವ ತೀವ್ರವಾಗುತ್ತಿರುವುದನ್ನು ತೋರಿಸಿದರು. ಉಸಿರಾಡಲಾಗದ ನೀರನ್ನು ಬಿಟ್ಟು ಮೀನು ಬೇರೆಡೆಗೆ ಸರಿಯುತ್ತದೆ. ಆದ್ದರಿಂದ ನೀರಿನ ಮೇಲೇರುವಿಕೆ ತೀರ ದುರ್ಬಲವಾದರೆ ಆಹಾರದ ಕೊರತೆ; ತೀರ ಪ್ರಬಲವಾದರೆ ಉಸಿರಿನ ಕೊರತೆ.

ಬೂತಾಯಿಯ ಆಯುಷ್ಯ ಹೆಚ್ಚೆಂದರೆ ಕೆಲವು ವರ್ಷ. ಸುಮಾರು ಒಂದು ವರ್ಷದಲ್ಲಿ ಅದು ಪ್ರೌಢವಾಗುತ್ತದೆ. ಹೀಗಾಗಿ ಒಂದೆರಡು ಮಳೆಗಾಲಗಳ ಮರಿಗಳು ಉಳಿಯದಿದ್ದರೆ ಇಡೀ ಸಂತತಿ ಕುಸಿಯುತ್ತದೆ. ಒಂದೆರಡು ಒಳ್ಳೆಯ ಮಳೆಗಾಲಗಳಲ್ಲಿ ಅದು ಚೇತರಿಸಿಕೊಳ್ಳಲೂಬಲ್ಲದು. 2013ರ ಅನಂತರದ ಇಳಿಕೆಗೆ 2015ರ ಎಲ್ ನಿನೊ ವಿದ್ಯಮಾನವೂ ಸೇರಿದಂತೆ ಕಡಲಿನ ತಾಪ ಹಾಗೂ ಆಹಾರದ ವ್ಯತ್ಯಯಗಳನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರಣವಾಗಿ ಗುರುತಿಸಿದ್ದಾರೆ. ಎಳೆಯ ಮೀನುಗಳನ್ನು ವಿಪರೀತವಾಗಿ ಹಿಡಿದದ್ದು ಈ ಹಾನಿಯನ್ನು ಹೆಚ್ಚಿಸಿತು. ಪ್ರಕೃತಿ ಕೈಕೊಟ್ಟ ವರ್ಷದಲ್ಲಿ ಬಲೆಯೂ ಬಿಗಿಯಾದರೆ ಚೇತರಿಕೆಗೆ ಬೇಕಾದ ಬೀಜವೇ ಉಳಿಯುವುದಿಲ್ಲ.

ಹಿಮದೊಳಗಿನ ಜೀವ

ಅರಬ್ಬೀ ಸಮುದ್ರದಲ್ಲಿ ಹಲವು ಕಾರಣಗಳು ಹೆಣೆದುಕೊಂಡಿರುವುದರಿಂದ ಒಂದೊಂದರ ಪ್ರಭಾವವನ್ನು ಬಿಡಿಸಿ ನೋಡುವುದು ಕಠಿಣ. ಉತ್ತರ ಧ್ರುವವನ್ನು ಸುತ್ತುವರಿದಿರುವ ಆರ್ಕ್‌ಟಿಕ್ ಸಾಗರದಲ್ಲಿ ಆಹಾರ ಸರಪಳಿ ಅಷ್ಟು ಸಂಕೀರ್ಣವಲ್ಲ. ಬದಲಾವಣೆಯೂ ಅತಿ ವೇಗವಾಗಿ ನಡೆಯುತ್ತಿದೆ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕಡಲಹಿಮದ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು, ಉಪಗ್ರಹ ವೀಕ್ಷಣೆಯ ಇತಿಹಾಸದಲ್ಲಿ ಅಂದಿನವರೆಗಿನ ಕನಿಷ್ಠ ಮಟ್ಟವನ್ನು ಮುಟ್ಟಿತು. ಸೂಕ್ಷ್ಮಜೀವಿಗಳ ಬದಲಾವಣೆ ಮೀನಿನವರೆಗೆ ಹೇಗೆ ಸಾಗುತ್ತದೆಂಬುದನ್ನು ಕಲಿಯಲು ಈ ಸಾಗರ ಒಂದು ಸಹಜ ಪ್ರಯೋಗಶಾಲೆಯಾಗಿದೆ.

ಕಡಲ ನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಉಪ್ಪು ಹಿಮದೊಳಗೆ ಸೇರದೆ ಹೊರದೂಡಲ್ಪಡುತ್ತದೆ. ಈ ಗಾಢ ಉಪ್ಪುನೀರು ಹಿಮದ ಒಳಗೆ ಕೂದಲೆಳೆಯಂತಹ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಈ ನಾಳಗಳ ನೀರು ಸಾಮಾನ್ಯ ಕಡಲ ನೀರಿಗಿಂತ ನಾಲ್ಕು ಪಟ್ಟು ಉಪ್ಪಾಗಿರುತ್ತದೆ. ಚಳಿ, ಕತ್ತಲೆ, ಉಪ್ಪು ಮೂರೂ ಒಟ್ಟುಗೂಡಿದ ಈ ನಾಳಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಡಯಾಟಮ್‌ಗಳು ವಾಸಿಸುತ್ತವೆ.

ಅಲಾಸ್ಕದ ಪಾಯಿಂಟ್ ಬ್ಯಾರೊ ಬಳಿಯ ಕಡಲಹಿಮದಿಂದ ಬೇರ್ಪಡಿಸಿದ ಸೈಕ್ರೊಮೊನಾಸ್ ಇಂಗ್ರಹಾಮಿ ಎಂಬ ಬ್ಯಾಕ್ಟೀರಿಯಾ ಮೈನಸ್ 12 ಡಿಗ್ರಿಯಲ್ಲಿಯೂ ಬೆಳೆಯುತ್ತದೆ. ಆ ತಾಪದಲ್ಲಿ ಇಮ್ಮಡಿಯಾಗಲು ಅದಕ್ಕೆ 240 ಗಂಟೆಗಳು, ಅಂದರೆ ಹತ್ತು ದಿನಗಳು ಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರ್ಕ್‌ಟಿಕ್ ಹಿಮದ ಡಯಾಟಮ್‌ಗಳು ಮೈನಸ್ 15 ಡಿಗ್ರಿಯಲ್ಲಿಯೂ ಹಿಮದ ಮೇಲೆ ಜಾರುತ್ತ ಚಲಿಸಬಲ್ಲವು. ಅವು ಸತ್ತಂತೆ ಬಿದ್ದಿರದೆ ಸಕ್ರಿಯವಾಗಿರುತ್ತವೆ ಎಂಬುದು ಇದರಿಂದ ದೃಢಪಟ್ಟಿದೆ.

ಇದು ಸಾಧ್ಯವಾಗುವ ಬಗೆಯೂ ಕುತೂಹಲಕರ. ತುಪ್ಪ ಚಳಿಯಲ್ಲಿ ಗಟ್ಟಿಯಾಗುತ್ತದೆ, ಸೂರ್ಯಕಾಂತಿ ಎಣ್ಣೆ ದ್ರವವಾಗಿಯೇ ಇರುತ್ತದೆ; ಎರಡರಲ್ಲಿಯೂ ಇರುವ ಕೊಬ್ಬಿನ ಆಮ್ಲಗಳ ರಚನೆಯ ವ್ಯತ್ಯಾಸವೇ ಇದಕ್ಕೆ ಕಾರಣ. ಶೀತಪ್ರಿಯ ಜೀವಿಗಳು ತಮ್ಮ ಕೋಶಪೊರೆಯಲ್ಲಿ ಗಟ್ಟಿಯಾಗದ ಬಗೆಯ ಕೊಬ್ಬನ್ನು ಹೆಚ್ಚಾಗಿ ಬಳಸುತ್ತವೆ. ಅವುಗಳ ಕಿಣ್ವಗಳು ಚಳಿಯಲ್ಲಿಯೂ ಬಾಗಿ ಕೆಲಸ ಮಾಡುವಷ್ಟು ಮೃದುವಾಗಿರುತ್ತವೆ. ಹಿಮದ ಹರಳು ದೊಡ್ಡದಾಗದಂತೆ ತಡೆಯುವ ಪ್ರೋಟೀನುಗಳನ್ನೂ ಸುತ್ತಲೂ ಲೋಳೆಯನ್ನೂ ಹಲವು ಜೀವಿಗಳು ಸ್ರವಿಸುತ್ತವೆ.

ವಸಂತದಲ್ಲಿ ಸೂರ್ಯ ಮರಳಿದಾಗ ಹಿಮದ ತಳಭಾಗ ಕಂದುಬಣ್ಣಕ್ಕೆ ತಿರುಗುವಷ್ಟು ಡಯಾಟಮ್‌ಗಳು ಬೆಳೆಯುತ್ತವೆ. ಮೆಲೊಸಿರ ಆರ್ಕ್‌ಟಿಕ ಎಂಬ ಜಾತಿ ಹಿಮದಡಿಯಿಂದ ಮೀಟರುಗಟ್ಟಲೆ ಉದ್ದದ ಎಳೆಗಳಾಗಿ ನೇತಾಡುತ್ತದೆ. 2012ರಲ್ಲಿ ಜರ್ಮನಿಯ ಸಂಶೋಧನಾ ನೌಕೆ ಪೋಲಾರ್‌ಸ್ಟರ್ನ್‌ನಲ್ಲಿ ಸಾಗಿದ ಆಂಟ್ಯ ಬೋಯೆಟಿಯಸ್ ಅವರ ತಂಡಕ್ಕೆ, ಕರಗಿದ ಹಿಮದಿಂದ ಕಳಚಿಬಿದ್ದ ಈ ಸಸ್ಯದ ಮುದ್ದೆಗಳು ನಾಲ್ಕು ಸಾವಿರ ಮೀಟರ್ ಆಳದ ಕಡಲತಳದಲ್ಲಿ ಹರಡಿಕೊಂಡಿರುವುದು ಕಂಡಿತು. ಮೇಲಿನ ಪದರದ ಜೀವಿಗಳಿಗೆ ಸಿಗಬೇಕಾಗಿದ್ದ ಆಹಾರ ಹೀಗೆ ತಳ ಸೇರಿತ್ತು.

ಹೊತ್ತು ತಪ್ಪಿದ ಊಟ

ಎಷ್ಟು, ಯಾವುದು ಎಂಬ ಪ್ರಶ್ನೆಗಳ ಜೊತೆಗೆ ಯಾವಾಗ ಎಂಬ ಮೂರನೆಯ ಪ್ರಶ್ನೆಯ ಮಹತ್ವ ಆರ್ಕ್‌ಟಿಕ್‌ನಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯ ಪ್ರಮುಖ ಪ್ರಾಣಿಪ್ಲವಕ ಕ್ಯಾಲನಸ್ ಗ್ಲೇಸಿಯಾಲಿಸ್. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಜೀವಿಯ ಮೈಯಲ್ಲಿ ಎಣ್ಣೆಯ ಸಂಗ್ರಹವಿರುತ್ತದೆ. ಇದನ್ನು ಧ್ರುವ ಕಾಡ್ ಮೀನು ತಿನ್ನುತ್ತದೆ. ಆ ಮೀನನ್ನು ಸೀಲ್‌ಗಳೂ ಕಡಲಹಕ್ಕಿಗಳೂ ತಿನ್ನುತ್ತವೆ. ಸೀಲ್‌ಗಳನ್ನು ಹಿಮಕರಡಿ ತಿನ್ನುತ್ತದೆ.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಒಂದು ಕಡಲಚಾಚಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಜೀವಿಯ ಕಾಲಗಣನೆಯನ್ನು ವಿವರಿಸಿದೆ. ಏಪ್ರಿಲ್ ಕೊನೆಗೆ ಹಿಮದಡಿಯ ಡಯಾಟಮ್‌ಗಳ ಬೆಳೆ ಬರುತ್ತದೆ. ಅದನ್ನು ತಿಂದ ತಾಯಿ ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳ ಮೇಲೆ ಹಿಮ ಕರಗಿ ತೆರೆದ ನೀರಿನಲ್ಲಿ ಎರಡನೆಯ ಬೆಳೆ ಬರುತ್ತದೆ. ಅಷ್ಟರಲ್ಲಿ ಮರಿಗಳು ತಿನ್ನುವ ಪ್ರಾಯಕ್ಕೆ ಬಂದಿರುತ್ತವೆ. ಹಿಮ ಬೇಗ ಒಡೆದರೆ ಎರಡು ಬೆಳೆಗಳ ನಡುವಿನ ಅಂತರ ಕುಗ್ಗುತ್ತದೆ. ಮರಿ ಬೆಳೆಯುವ ಮೊದಲೇ ಊಟದ ಹೊತ್ತು ಮುಗಿದಿರುತ್ತದೆ.

ಬೆಳೆಯ ಪ್ರಮಾಣವೂ ಬದಲಾಗಿದೆ. 2011ರ ಜುಲೈಯಲ್ಲಿ ಅಮೆರಿಕದ ಕೆವಿನ್ ಆರಿಗೊ ಅವರ ತಂಡ ಚುಕ್ಚಿ ಸಮುದ್ರದಲ್ಲಿ, ಸುಮಾರು ಒಂದು ಮೀಟರ್ ದಪ್ಪದ ಹಿಮದ ಕೆಳಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹಬ್ಬಿದ ಸಸ್ಯಪ್ಲವಕಗಳ ಬೆಳೆಯನ್ನು ಕಂಡಿತು. ಹಿಮದ ಮೇಲೆ ಅಲ್ಲಲ್ಲಿ ನಿಂತ ಕರಗುನೀರಿನ ಹೊಂಡಗಳು ಕಿಟಕಿಗಳಂತೆ ಬೆಳಕನ್ನು ಕೆಳಗಿಳಿಸಿದ್ದವು. ಅದೇ ಸಂಶೋಧಕರ ಗುಂಪು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1998 ಮತ್ತು 2018ರ ನಡುವೆ ಆರ್ಕ್‌ಟಿಕ್ ಸಾಗರದ ಸಸ್ಯೋತ್ಪಾದನೆ ಶೇಕಡ 57ರಷ್ಟು ಹೆಚ್ಚಿದೆ.

ಹಾಗಾದರೆ ಮೀನೂ ಹೆಚ್ಚಬೇಕಲ್ಲವೆ? ಹಾಗೆಂದು ಹೇಳಲಾಗದು. ಕೆನಡದ ವಿಲಿಯಂ ಲೀ ಮತ್ತು ಸಂಗಡಿಗರು ಆರ್ಕ್‌ಟಿಕ್‌ನ ಕೆನಡ ಕೊಳ್ಳದಲ್ಲಿ 2004ರಿಂದ 2008ರವರೆಗೆ ನಡೆಸಿದ ಮಾಪನಗಳಲ್ಲಿ, ಎರಡು ಮೈಕ್ರಾನ್‌ಗಿಂತ ಕಿರಿಯ ಸಸ್ಯಪ್ಲವಕಗಳು ಹೆಚ್ಚಿ, ಅವಕ್ಕಿಂತ ದೊಡ್ಡವು ಕಡಿಮೆಯಾಗಿದ್ದುದು ಕಂಡುಬಂದಿತು. ಕರಗಿದ ಹಿಮದ ಹಗುರವಾದ ಸಿಹಿನೀರು ಮೇಲ್ಪದರವಾಗಿ ನಿಂತು ಕೆಳಗಿನ ಲವಣಗಳು ಮೇಲೆ ಬರದಂತೆ ತಡೆಯುತ್ತದೆ. ಅಲ್ಪ ಗೊಬ್ಬರದಲ್ಲಿ ಬದುಕಬಲ್ಲ ಅತಿ ಸೂಕ್ಷ್ಮ ಜಾತಿಗಳೇ ಮೇಲುಗೈ ಪಡೆಯುತ್ತವೆ. ಹಿಂದೆ ಹೇಳಿದ ಮೆಟ್ಟಿಲುಗಳ ಲೆಕ್ಕದಂತೆ ಇದರಿಂದ ಮೀನಿಗೆ ತಲಪುವ ಪಾಲು ಕುಗ್ಗುತ್ತದೆ.

ಗೊಬ್ಬರದ ಇನ್ನೊಂದು ಮೂಲವೂ ಈಚೆಗೆ ಬೆಳಕಿಗೆ ಬಂದಿದೆ. ನಮ್ಮ ಹೊಲಗಳಲ್ಲಿ ದ್ವಿದಳ ಧಾನ್ಯದ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಪರಿವರ್ತಿಸುವಂತೆ ಕಡಲಿನಲ್ಲಿಯೂ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಇದು ಬೆಚ್ಚಗಿನ ಕಡಲುಗಳ ವ್ಯವಹಾರವೆಂದು ಬಹುಕಾಲ ಭಾವಿಸಲಾಗಿತ್ತು. 2018ರಲ್ಲಿ ಆರ್ಕ್‌ಟಿಕ್‌ನ ತೆರೆದ ನೀರಿನಲ್ಲಿಯೂ, 2025ರಲ್ಲಿ ಪ್ರಕಟವಾದ ಅಧ್ಯಯನದಂತೆ ಮಧ್ಯ ಆರ್ಕ್‌ಟಿಕ್‌ನ ಹಿಮದ ಕೆಳಗೂ ಈ ಕ್ರಿಯೆ ನಡೆಯುತ್ತಿರುವುದು ದೃಢಪಟ್ಟಿದೆ. ಮುಂದಿನ ದಶಕಗಳಲ್ಲಿ ಅಲ್ಲಿ ಎಷ್ಟು ಬೆಳೆ ಬರಬಹುದೆಂದು ಅಂದಾಜು ಮಾಡುವವರು ಈ ಬ್ಯಾಕ್ಟೀರಿಯಾಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲು ಅರಿವು, ಅನಂತರ ಬಲೆ

ಕಡಲು ಬೆಚ್ಚಗಾದಂತೆ ದಕ್ಷಿಣದ ಮೀನುಗಳು ಉತ್ತರಕ್ಕೆ ಸರಿಯುತ್ತಿವೆ. ಬ್ಯಾರೆಂಟ್ಸ್ ಸಮುದ್ರದಲ್ಲಿ ಅಟ್ಲಾಂಟಿಕ್ ಕಾಡ್ ಮೊದಲಾದ ಮೀನುಗಳು ಉತ್ತರಕ್ಕೆ ಹರಡಿ, ಆರ್ಕ್‌ಟಿಕ್‌ನ ಮೂಲ ಜಾತಿಗಳು ಹಿಂದೆ ಸರಿಯುತ್ತಿರುವುದನ್ನು 2015ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿದೆ. ಹಿಮ ಸರಿದ ಕಡೆಗೆ ಮೀನುಗಾರಿಕೆ ಹಡಗುಗಳೂ ಹೋಗಬಹುದಾದ ಸ್ಥಿತಿ ಬಂದಿದೆ.

ಈ ಸಂದರ್ಭದಲ್ಲಿ ಒಂದು ಅಪರೂಪದ ಅಂತರರಾಷ್ಟ್ರೀಯ ನಿರ್ಣಯ ಕೈಗೊಳ್ಳಲಾಯಿತು. ಮಧ್ಯ ಆರ್ಕ್‌ಟಿಕ್‌ನ, ಯಾವ ದೇಶಕ್ಕೂ ಸೇರದ ಸುಮಾರು 28 ಲಕ್ಷ ಚದರ ಕಿಲೋಮೀಟರ್ ಕಡಲಿನಲ್ಲಿ, ಅಲ್ಲಿಯ ಜೀವಜಾಲದ ಬಗ್ಗೆ ಸಾಕಷ್ಟು ಅರಿವು ದೊರೆಯುವ ಮುನ್ನ ವಾಣಿಜ್ಯ ಮೀನುಗಾರಿಕೆ ಆರಂಭಿಸಬಾರದೆಂದು ಒಂಬತ್ತು ರಾಷ್ಟ್ರಗಳೂ ಐರೋಪ್ಯ ಒಕ್ಕೂಟವೂ 2018ರ ಅಕ್ಟೋಬರಿನಲ್ಲಿ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 2021ರ ಜೂನ್ 25ರಂದು ಜಾರಿಗೆ ಬಂದ ಈ ಒಪ್ಪಂದದ ಮೊದಲ ಅವಧಿ 16 ವರ್ಷ. ಮೀನು ಬರಿದಾದ ಮೇಲೆ ನಿಷೇಧ ಹೇರುವುದು ಲೋಕರೂಢಿ. ಇಲ್ಲಿ ಮೀನುಗಾರಿಕೆ ಆರಂಭವಾಗುವ ಮೊದಲೇ ಸಂಯಮ ತೋರಿರುವುದು ಗಮನಾರ್ಹ.

ಭಾರತದ ಅಧ್ಯಯನಗಳು

ಭಾರತದ ಮೊದಲ ಆರ್ಕ್‌ಟಿಕ್ ಯಾತ್ರೆ 2007ರಲ್ಲಿ ನಡೆಯಿತು. 2008ರ ಜುಲೈ 1ರಂದು ಸ್ವಾಲ್ಬಾರ್ಡ್‌ನ ನ್ಯೂ-ಆಲೆಸುಂಡ್‌ನಲ್ಲಿ ಹಿಮಾದ್ರಿ ಸಂಶೋಧನಾ ಕೇಂದ್ರ ಆರಂಭವಾಯಿತು. ಉತ್ತರ ಧ್ರುವದಿಂದ ಅದು ಸುಮಾರು 1,200 ಕಿಲೋಮೀಟರ್ ದೂರದಲ್ಲಿದೆ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದರ ಹೊಣೆ ಹೊತ್ತಿದೆ. 2014ರ ಜುಲೈಯಲ್ಲಿ ಅಲ್ಲಿಯ ಕಾಂಗ್ಸ್‌ಫಿಯೋರ್ಡನ್ ಎಂಬ ಕಡಲಚಾಚಿನಲ್ಲಿ, 192 ಮೀಟರ್ ಆಳದಲ್ಲಿ, ಇಂಡ್‌ಆರ್ಕ್ ಎಂಬ ವೀಕ್ಷಣಾ ಸಾಧನವನ್ನು ನೆಲೆಗೊಳಿಸಲಾಯಿತು. ನೀರಿನ ತಾಪ, ಲವಣಾಂಶ ಮೊದಲಾದವನ್ನು ಹಡಗು ಹೋಗಲಾಗದ ಚಳಿಗಾಲದಲ್ಲಿಯೂ ದಾಖಲಿಸುವುದು ಇದರ ಉದ್ದೇಶ. 2022ರ ಮಾರ್ಚ್‌ನಲ್ಲಿ ಭಾರತ ಸರಕಾರ ಆರ್ಕ್‌ಟಿಕ್ ನೀತಿಯನ್ನು ಪ್ರಕಟಿಸಿತು. 2023ರ ಡಿಸೆಂಬರಿನಿಂದ ಚಳಿಗಾಲದ ಯಾತ್ರೆಗಳೂ ಆರಂಭವಾದವು.

ಸ್ವದೇಶದ ಕಡಲುಗಳ ವೀಕ್ಷಣೆಗೆ 1999ರಲ್ಲಿ ಓಷನ್‌ಸ್ಯಾಟ್-1, 2009ರಲ್ಲಿ ಓಷನ್‌ಸ್ಯಾಟ್-2, 2022ರ ನವೆಂಬರಿನಲ್ಲಿ ಇದೇ ಸರಣಿಯ ಮೂರನೆಯ ಉಪಗ್ರಹ ಉಡಾವಣೆಗೊಂಡವು. ಕಡಲಿನ ಬಣ್ಣವನ್ನು ನೋಡಿ ಅದರಲ್ಲಿರುವ ಪತ್ರಹರಿತ್ತಿನ ಪ್ರಮಾಣವನ್ನು ಅಳೆಯುವುದು ಇವುಗಳ ಒಂದು ಮುಖ್ಯ ಕಾರ್ಯ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪತ್ರಹರಿತ್ತು ಮತ್ತು ನೀರಿನ ತಾಪದ ಮಾಹಿತಿಯನ್ನು ಜೋಡಿಸಿ, ಮೀನು ಸಿಗಬಹುದಾದ ವಲಯಗಳ ಸೂಚನೆಗಳನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಮೀನುಗಾರರಿಗೆ ತಲಪಿಸುತ್ತದೆ. ಇದರಿಂದ ಹುಡುಕಾಟದ ಸಮಯವೂ ಇಂಧನವೂ ಉಳಿಯುತ್ತವೆ.

ಆದರೆ ಹಸಿರಾಗಿ ಕಾಣುವುದೆಲ್ಲವೂ ಮೀನಿಗೆ ಮೇವಲ್ಲ. ಉತ್ತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಡಯಾಟಮ್‌ಗಳ ಸ್ಥಾನವನ್ನು ನಾಕ್ಟಿಲೂಕ ಎಂಬ ಏಕಕೋಶ ಜೀವಿ ವ್ಯಾಪಕವಾಗಿ ಆಕ್ರಮಿಸಿರುವುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ. ಇದರ ಒಡಲಿನಲ್ಲಿ ಸಾವಿರಾರು ಹಸಿರು ಸೂಕ್ಷ್ಮಸಸ್ಯಗಳು ವಾಸಿಸುವುದರಿಂದ ಉಪಗ್ರಹಕ್ಕೆ ಕಡಲು ಹಸಿರಾಗಿ ಕಾಣುತ್ತದೆ. ಆದರೆ ಇದನ್ನು ಹೆಚ್ಚಾಗಿ ತಿನ್ನುವುದು ಸಾಲ್ಪ್‌ಗಳು ಮತ್ತು ಲೋಳೆಮೀನುಗಳು. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯ ಹಿಮ ಕಡಿಮೆಯಾಗಿ ಚಳಿಗಾಲದ ಗಾಳಿ ಬೆಚ್ಚಗಾದದ್ದರಿಂದ ಕಡಲಿನ ಉಳುಮೆ ದುರ್ಬಲವಾಗಿರುವುದು ಇದಕ್ಕೆ ಒಂದು ಕಾರಣವೆಂದು 2020ರ ಅಧ್ಯಯನವೊಂದು ವಾದಿಸಿದೆ. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿ ಮತ್ತು ಕರ್ನಾಟಕದ ಕಡಲತೀರಗಳಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಮಿನುಗಿದ್ದನ್ನು ಅನೇಕ ಓದುಗರು ನೋಡಿರಬಹುದು. ಅದಕ್ಕೆ ಕಾರಣವೆಂದು ಹೇಳಲಾದದ್ದು ನಾಕ್ಟಿಲೂಕ ಜೀವಿಯೇ. ಹೀಗೆ ಬಣ್ಣದ ಮಾಹಿತಿಯೊಡನೆ, ಕಡಲಿನಿಂದ ನೀರನ್ನು ತಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಹಳೆಯ ಕೆಲಸವೂ ಮುಂದುವರಿಯುವುದು ಅನಿವಾರ್ಯ.

ನಮ್ಮ ಕೈಯಲ್ಲಿರುವುದು

ಮುಂಗಾರಿನ ಬಲವನ್ನಾಗಲಿ ಕಡಲಿನ ಉಳುಮೆಯನ್ನಾಗಲಿ ನಾವು ನಿಯಂತ್ರಿಸಲಾರೆವು. ಬಲೆ ಮಾತ್ರ ನಮ್ಮ ಕೈಯಲ್ಲಿದೆ. 1940ರ ದಶಕದಲ್ಲಿ ಬೂತಾಯಿ ವಿರಳವಾದಾಗ, ದಕ್ಷಿಣ ಕನ್ನಡವೂ ಸೇರಿದ್ದ ಅಂದಿನ ಮದ್ರಾಸು ಪ್ರಾಂತದ ಸರಕಾರ ಕೆಲವು ಬಗೆಯ ಬಲೆಗಳ ಮೇಲೂ ಎಳೆಮೀನಿನ ಹಿಡಿತದ ಮೇಲೂ ನಿರ್ಬಂಧ ವಿಧಿಸಿತ್ತು. ಇಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ತಲಾ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯುವುದು ಕಾನೂನುಬಾಹಿರ.

ಈ ಕ್ರಮಗಳಿಂದ ಮೀನುಗಾರನಿಗೆ ಆ ದಿನದ ಮಟ್ಟಿಗೆ ನಷ್ಟವಾಗುತ್ತದೆಂಬುದು ನಿಜ. ಆದರೆ ಆಹಾರ ಸಮೃದ್ಧವಾಗಿರುವ ಮಳೆಗಾಲ ಬಂದಾಗ ಅದನ್ನು ತಿಂದು ಸಂತಾನ ಬೆಳೆಸಲು ತಾಯಿಮೀನು ಉಳಿದಿರಬೇಕು. ಬೆಳೆ ಬಂದ ವರ್ಷ ಬಿತ್ತನೆಯೇ ಇಲ್ಲದಿದ್ದರೆ ಫಲವೇನು?

ಮೀನು ಕೊಳ್ಳುವವರಿಗೂ ಇಲ್ಲಿ ಹೊಣೆಯಿದೆ. ಮುಂಬಯಿ, ಚೆನ್ನೈ, ಪುಣೆ, ಹೈದರಾಬಾದ್ ಅಥವಾ ದೆಹಲಿಯ ಪೇಟೆಯಲ್ಲಿ ಬೆರಳುದ್ದದ ಎಳೆಯ ತಾರ್ಲಿ ಅಗ್ಗಕ್ಕೆ ಸಿಕ್ಕಿದಾಗ, ಅದು ಒಮ್ಮೆಯೂ ಮೊಟ್ಟೆಯಿಡದ ಮೀನೆಂಬುದನ್ನು ನೆನಪಿಡಬೇಕು. ಕೊಳ್ಳುವವರಿಲ್ಲದ ಮೀನನ್ನು ಹಿಡಿಯುವವರೂ ಕಡಿಮೆಯಾಗುತ್ತಾರೆ. ಬೆಳೆದ ಮೀನನ್ನೇ ಕೇಳಿ ಕೊಂಡರೆ ಕಡಲಿನಲ್ಲಿ ಒಂದು ಸಂತತಿಗೆ ಅವಕಾಶ ನೀಡಿದಂತಾಗುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಸಸ್ಯಪ್ಲವಕಗಳ ಒಟ್ಟು ಬೆಳೆ ಹೆಚ್ಚಿದರೂ ಮೀನಿನ ಇಳುವರಿ ಕಡಿಮೆಯಾಗಲು ಸಾಧ್ಯವೆ? ಮೆಟ್ಟಿಲುಗಳ ಲೆಕ್ಕದ ಸಹಾಯದಿಂದ ವಿವರಿಸಿರಿ.
2. ಆಳದ ನೀರು ಮೇಲೇರುವುದು ಬೂತಾಯಿಗೆ ಯಾವಾಗ ಅನುಕೂಲ, ಯಾವಾಗ ಪ್ರತಿಕೂಲ?
3. ಕಡಲಹಿಮ ಬೇಗ ಒಡೆದರೆ ಕ್ಯಾಲನಸ್ ಮರಿಗಳಿಗೆ ಏಕೆ ತೊಂದರೆಯಾಗುತ್ತದೆ?
4. ಮಧ್ಯ ಆರ್ಕ್‌ಟಿಕ್ ಒಪ್ಪಂದದ ತತ್ತ್ವವನ್ನು ನಮ್ಮ ಕರಾವಳಿಯ ಮೀನುಗಾರಿಕೆಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು?